ನೀರು ಕೇಳದ ಗಿಡಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಗರಸಭೆಯ ನರ್ಸರಿಯ ಹಿಂಬದಿ, ನೆರಳಿನ ಬಲೆಯೂ ಇಲ್ಲದ ಕಲ್ಲುನೆಲದಲ್ಲಿ ಗಿಡದಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮುಂದೆ ನಲವತ್ತು ಕುಂಡ. ಹತ್ತೊಂಬತ್ತು ದಿನದಿಂದ ಒಂದಕ್ಕೂ ತೊಟ್ಟು ನೀರು ಹಾಕಿಲ್ಲ. ಒಣಗಿದಂತೆ ಕಾಣುವ ಕಾಂಡವೊಂದನ್ನು ಉಗುರಿನಿಂದ ಕೆರೆಯುತ್ತಾರೆ. ಸಿಪ್ಪೆಯಡಿ ಬರೀ ಕಂದು. ಕುಂಡ ಬದಿಗೆ ಸರಿಯುತ್ತದೆ. ಇನ್ನೊಂದನ್ನು ಕೆರೆದಾಗ ಎಳೆ ಹಸಿರು ಇಣುಕುತ್ತದೆ. "ಇದರದ್ದು ಗಟ್ಟಿ ಜೀವ," ಎನ್ನುತ್ತಾರೆ, ನಗದೆ.

ಇವತ್ತು ಉಳಿದಿರುವುದು ಹನ್ನೊಂದು.

ವಯಸ್ಸು ಐವತ್ತೆಂಟು. ಅವರ ಹೆಸರು ಇರುವುದು ಹಾಜರಿ ಪುಸ್ತಕದಲ್ಲಿ ಮಾತ್ರ, ಊರಿಗೆಲ್ಲ ಗಿಡದಕ್ಕ. ಇಪ್ಪತ್ತಾರು ವರ್ಷ ಕುಂಡಕ್ಕೆ ಮಣ್ಣು ತುಂಬಿದ ಈ ಕೈಗಳನ್ನು ಯಾವ ಗಿಡ ಎಲ್ಲಿ ನೆಡಬೇಕೆಂದು ಕಳೆದ ವರ್ಷದವರೆಗೆ ಯಾರೂ ಕೇಳಿದ್ದಿಲ್ಲ.

ನಾಲ್ಕು ವರ್ಷದ ಹಿಂದೆ ಹೆದ್ದಾರಿಯ ಡಿವೈಡರಿನ ನಡುಪಟ್ಟಿಗೆಂದು ಆಗಿನ ಅಧಿಕಾರಿ ತಂಪು ಸೀಮೆಯ ಹೂಗಿಡಗಳನ್ನು ಲಾರಿಗಟ್ಟಲೆ ತರಿಸಿದರು. ಬೆಣ್ಣೆಯಂಥ ಎಲೆ, ಅಂಗೈಯಗಲದ ಹೂ. ಇಳಿಸುವಾಗಲೇ ಗಿಡದಕ್ಕ ಬಾಯಿಬಿಟ್ಟಿದ್ದರು: "ಸಾರ್, ಇವು ನಮ್ಮ ಬಿಸಿಲು ತಡೆಯಲ್ಲ."

"ನೀರು ಹಾಕಿದ್ರೆ ಯಾವ ಗಿಡಾನೂ ಬದುಕುತ್ತೆ," ಎಂದು ಅಧಿಕಾರಿ ಮಾತು ತೇಲಿಸಿಬಿಟ್ಟರು.

ದಿನಕ್ಕೆ ಎರಡು ಸಲ ನೀರು ಎಂದು ಆದೇಶವಾಯಿತು. ಪೈಪು ಹಿಡಿದವರಲ್ಲಿ ಗಿಡದಕ್ಕನ ಗಂಡನೂ ಒಬ್ಬರು. ಬೇಸಿಗೆಯ ಒಂದು ಮಧ್ಯಾಹ್ನ ಅವರು ಟ್ಯಾಂಕರಿನ ಪಕ್ಕದಲ್ಲೇ ಕುಸಿದರು. ಜೊತೆಗಾರರು ಹೊತ್ತುಕೊಂಡು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಕೈಲಿ ಪೈಪು ಹಾಗೇ ಇತ್ತಂತೆ. ಅಷ್ಟು ನೀರಿನ ಪಕ್ಕದಲ್ಲಿ ನಿಂತು ಬಿಸಿಲಿಗೆ ಸತ್ರು ನೋಡಿ," ಎನ್ನುತ್ತಾರೆ ಗಿಡದಕ್ಕ. ತಿಂಗಳೊಪ್ಪತ್ತಿನಲ್ಲಿ ಆ ಗಿಡಗಳೂ ಸುಟ್ಟುಹೋದವು.

ಕೆಲಸಕ್ಕೆ ಮರಳಿದ ದಿನವೇ ಗಿಡದಕ್ಕ ಈ ಕಲ್ಲುನೆಲಕ್ಕೆ ಕುಂಡ ಹೊತ್ತು ತಂದರು. ಹೇಳಿದವರು ಯಾರೂ ಇಲ್ಲ. ರೈಲುಹಳಿಯ ಅಂಚು, ಮುಚ್ಚಿದ ಕಾರ್ಖಾನೆ, ಪಾಳು ಕಾಂಪೌಂಡು, ಹೀಗೆ ದಿಕ್ಕಿಲ್ಲದೆ ಬದುಕಿದ ಗಿಡ ಎಲ್ಲಿ ಕಂಡರೂ ಒಂದು ಕಡ್ಡಿ ಮುರಿದು ತಂದು, ಬೇರೂರಿದ ಮೇಲೆ ನೀರು ನಿಲ್ಲಿಸಿ ನೋಡುತ್ತಿದ್ದರು. "ಅಪ್ಪನ್ನ ತಿಂದ ಕೆಲಸ ಅದು, ಬಿಟ್ಬಿಡಮ್ಮ," ಎಂದು ಮಗಳು ಕೈಮುಗಿದಳು. ಇವರು ಬಿಡಲಿಲ್ಲ.

ಈವರೆಗೆ ನೂರಾಮೂವತ್ತು ಬಗೆ ಪರೀಕ್ಷೆಗೆ ಕೂತಿವೆ, ಪಾಸಾದದ್ದು ಒಂಬತ್ತು. ಕಾಗದದ ಹೂ, ಕತ್ತಾಳೆ, ನಿತ್ಯಪುಷ್ಪ ಅದರಲ್ಲಿವೆ. "ಕಣಗಿಲೆ ಗಟ್ಟಿಗಿತ್ತಿ. ಆದ್ರೆ ವಿಷ. ಶಾಲೆ ಹತ್ರ ಬೇಡ ಅಂತ ಬರೆಸಿದೀನಿ. ಯಾವುದಕ್ಕೇ ಆಗ್ಲಿ, ಬೇರಿಳಿಯೋವರೆಗೆ ನೀರು ಕೊಡಬೇಕು. ಮಗು ನಡೆಯೋವರೆಗೆ ಕೈ ಹಿಡಿಯಲ್ವಾ?"

ಹೊಸ ಅಧಿಕಾರಿ ಕಳೆದ ವರ್ಷ ಇಡೀ ನಡುಪಟ್ಟಿಯನ್ನು ಅವರಿಗೆ ಬಿಟ್ಟುಕೊಟ್ಟರು. ಈ ಬೇಸಿಗೆ ದಾಟಿದ್ದು ನೂರಕ್ಕೆ ತೊಂಬತ್ತು ಗಿಡ. ಮಧ್ಯಾಹ್ನ ಪೈಪು ಹಿಡಿದು ರಸ್ತೆಯಲ್ಲಿ ನಿಲ್ಲುವವರು ಈಗ ಯಾರೂ ಇಲ್ಲ. ಗಿಡದಕ್ಕ ಬಯಸಿದ್ದೂ ಅದನ್ನೇ.

ಆದರೆ ನೀರು ಬೇಡವೆಂದ ಮೇಲೆ ನೀರು ಹಾಕುವವರೇಕೆ ಎಂದು ಕಚೇರಿ ಆರು ಮಂದಿಯನ್ನು ಮನೆಗೆ ಕಳಿಸಿತು. ಅಂದು ಗಿಡದಕ್ಕನ ಗಂಡನನ್ನು ಆಸ್ಪತ್ರೆಗೆ ಹೊತ್ತವರು ಇವರೇ. ಅವರಲ್ಲಿ ಹಿರಿಯ ಮೊನ್ನೆ ಬಸ್‌ಸ್ಟಾಪಿನಲ್ಲಿ ಎದುರಾದ. "ಅಕ್ಕಾ, ನಿನ್ನ ಗಿಡ ಬದುಕಿದ್ವು. ನಾವು ಒಣಗಿದ್ವಿ," ಎಂದವನೇ ಬಸ್ಸು ಹತ್ತಿದ.

"ಅವನು ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಗಿಡದಕ್ಕ. ಆ ಆರು ಮಂದಿಯನ್ನು ನರ್ಸರಿಗೆ ತೆಗೆದುಕೊಳ್ಳಿ ಎಂದು ಕಚೇರಿಯ ಮೆಟ್ಟಿಲನ್ನು ಮೂರು ಸಲ ಹತ್ತಿದ್ದಾರೆ. "ನೋಡೋಣ" ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಕ್ಕಿಲ್ಲ.

ಕಲ್ಲು ಆಗಲೇ ಕಾಯತೊಡಗಿದೆ. ನಿಮಗಾಗಿ ಏನು ಬೇಕೆಂದು ಕೇಳಿದರೆ ಅವರು ಅಂಗೈಯ ಮಣ್ಣು ಉಜ್ಜಿಕೊಳ್ಳುತ್ತಾರೆ.

"ನಂಗೇನು ಬೇಕು ಹೇಳಿ? ಆ ಆರು ಜನಕ್ಕೊಂದು ಕೆಲಸ. ನೆರಳಲ್ಲಿ."