ಅಮಾವಾಸ್ಯೆಯ ದಿನ ನೋಡಿದ ಬಾಡಿಗೆ ಮನೆಗಳು

ಕೋವಿಡ್ ಕಳೆದ ಮರುವರ್ಷ ನಾನು ಕಾರವಾರದಲ್ಲಿ ಬ್ಯಾಂಕುಗಳಿಗೆ ಆಸ್ತಿ ಮೌಲ್ಯಮಾಪಕನಾಗಿದ್ದೆ. ಸಾಲ ಕೊಡುವ ಮೊದಲು ಕಟ್ಟಡ ಎಷ್ಟು ಬೆಲೆ ಬಾಳುತ್ತದೆ, ಎಷ್ಟು ಕಾಲ ನಿಲ್ಲುತ್ತದೆ ಎಂದು ನೋಡಿ ವರದಿ ಕೊಡುವುದು ನನ್ನ ಕೆಲಸ. ಜನರ ಲೆಕ್ಕದಲ್ಲಿ ನಾನು ಆಗುವ ಕೆಲಸಕ್ಕೆ ಕಲ್ಲು ಹಾಕುವವನು. ಹಾಗೆ ಬೈಸಿಕೊಂಡದ್ದರಲ್ಲಿ ಮರೆಯಲಾಗದ್ದು ಹತ್ತಿರದ ಕದ್ವಾಡ ಊರಿನ ಪ್ರಕರಣ.

ಸುಮಿತ್ರಾಬಾಯಿ ನರ್ಸ್ ಆಗಿ ನಿವೃತ್ತರಾದವರು, ಅವಿವಾಹಿತೆ. ತಂಗಿ ಕಮಲಾ ಹಾಸಿಗೆ ಹಿಡಿದವಳು, ಅಕ್ಕನನ್ನು ಬಿಟ್ಟರೆ ದಿಕ್ಕಿಲ್ಲ. ತಾನು ಕಣ್ಣು ಮುಚ್ಚಿದ ಮೇಲೂ ಅವಳ ಊಟ, ಔಷಧಕ್ಕೆ ತಿಂಗಳು ತಿಂಗಳು ಆದಾಯ ಬರಲೆಂದು, ಅಲ್ಲಿ ಹಳ್ಳದ ಬದಿಗೆ ಒಂದೇ ಸಾಲಿನ ಆರು ಬಾಡಿಗೆ ಮನೆ ಕೊಳ್ಳಲು ಹೊರಟಿದ್ದರು. ಉಳಿತಾಯವೆಲ್ಲ ಅದಕ್ಕೇ, ಕಡಿಮೆ ಬಿದ್ದದ್ದಕ್ಕೆ ಬ್ಯಾಂಕಿನ ಸಾಲ.

ಬೆಲೆ ಅಗ್ಗವಾಗಿತ್ತು. ಮಾರುವ ದಾಮೋದರ ಕಾರಣವನ್ನೂ ಮುಚ್ಚಿಟ್ಟಿರಲಿಲ್ಲ. "ಅಮಾಸೆ, ಹುಣ್ಣಿಮೆಗೆ ಜಾಗದ್ದು ಸ್ವಲ್ಪ ತೊಂದ್ರೆ ಅದೆ. ಒಂದು ಕಾಯಿ, ಒಂದು ಕೋಳಿ ಕೊಟ್ರೆ ಮೂರು ದಿನದಲ್ಲಿ ತಣ್ಣಗಾಗ್ತದೆ."

ಇದನ್ನು ನನಗೆ ಹೇಳುವಾಗ ಸುಮಿತ್ರಾಬಾಯಿ ನಕ್ಕುಬಿಟ್ಟರು. "ಶವಾಗಾರದ ಪಕ್ಕ ಡ್ಯೂಟಿ ಮಾಡಿದವಳು ನಾನು, ಸಾಹೇಬ್ರೆ. ದೆವ್ವಕ್ಕೆ ಹೆದ್ರೂದಿಲ್ಲ. ಸುಣ್ಣಬಣ್ಣದ ಹಾಗೆ ಅದೂ ಒಂದು ಖರ್ಚು."

ಅವರು ಮನೆಗಳನ್ನು ಹಲವು ಸಲ ನೋಡಿದ್ದರು, ಎಲ್ಲವೂ ಒಳ್ಳೆಯ ದಿನಗಳಲ್ಲೇ. ನಮ್ಮ ಕಡೆ ಅಮಾವಾಸ್ಯೆಗೆ ಯಾರೂ ಮನೆ ನೋಡಲು ಹೋಗುವುದಿಲ್ಲ. ನಾನು ಹೋದದ್ದು ಬ್ಯಾಂಕಿನವರ ಅವಸರಕ್ಕೆ. "ಮುಹೂರ್ತ ಒಳ್ಳೇದೇ ಹುಡ್ಕಿದ್ರಿ" ಎಂದು ಗೊಣಗುತ್ತಲೇ ಸುಮಿತ್ರಾಬಾಯಿಯೂ ಬಂದರು. ಬೀಗ ತೆಗೆಯಲು ದಾಮೋದರನೂ ಇದ್ದ.

ಮಧ್ಯಾಹ್ನದ ಹೊತ್ತು. ಮನೆಗಳು ಬಹುತೇಕ ಖಾಲಿ. ಒಂದರಲ್ಲಿ ಒಲೆಯ ಮೇಲೆ ಅನ್ನದ ಪಾತ್ರೆ ಹಾಗೆಯೇ ಇತ್ತು, ಬಿಟ್ಟು ಓಡಿದವರು ತಿರುಗಿ ಬಂದಿರಲಿಲ್ಲ. ಗೋಡೆ ಅಳೆಯುತ್ತಿದ್ದೆ. ನೆಲದಿಂದ ಯಾರೋ ದೀರ್ಘವಾಗಿ ಉಸಿರು ಬಿಟ್ಟರು. ಹೊರಗೆ ತೆಂಗಿನ ಗರಿ ಅಲ್ಲಾಡುತ್ತಿರಲಿಲ್ಲ. ಆದರೂ ಹಳ್ಳದ ಕಡೆಯ ಮನೆಯ ಬಾಗಿಲು ತಾನಾಗಿ ತೆರೆಯಿತು, ಆಮೇಲೆ ಅದರ ಪಕ್ಕದ್ದು, ಆಮೇಲೆ ನಾವಿದ್ದ ಮನೆಯದು.

ಓಡಬೇಕೆನಿಸಿತು, ಸುಳ್ಳು ಹೇಳುವುದಿಲ್ಲ. ಸುಮಿತ್ರಾಬಾಯಿ ಕದಲದೆ ನಿಂತಿದ್ದರು, ಅವರೆದುರು ಮಾನ ಹೋಗುತ್ತದೆಂದು ಮೊಣಕಾಲೂರಿ ಕೂತೆ. ನೆಲದ ಬಿರುಕಿಗೆ ಕೈ ಹಿಡಿದರೆ ತಣ್ಣನೆಯ ಗಾಳಿ, ಉಪ್ಪು ಕೆಸರಿನ ವಾಸನೆ. ಮಟ್ಟ ನೋಡುವ ರಸಮಟ್ಟವನ್ನು ನೆಲಕ್ಕಿಟ್ಟೆ. ನೋಡುತ್ತಿದ್ದಂತೆ ಅದರ ಗುಳ್ಳೆ ಮೆಲ್ಲಗೆ ಒಂದು ಕಡೆಗೆ ಸರಿಯತೊಡಗಿತು.

"ಇದು ಮೊದಲು ಗಜನಿಯಾಗಿತ್ತಾ?" ಎಂದು ದಾಮೋದರನನ್ನು ಕೇಳಿದೆ. ಸಮುದ್ರದ ಉಬ್ಬರಕ್ಕೆ ಉಪ್ಪುನೀರು ಬಂದು ಹೋಗುವ ಗದ್ದೆಗೆ ನಮ್ಮಲ್ಲಿ ಗಜನಿ ಎನ್ನುತ್ತಾರೆ.

"ಅಪ್ಪನ ಕಾಲಕ್ಕೆ," ಎಂದ ತಲೆ ತಗ್ಗಿಸಿ. "ನಾ ಮಣ್ಣು ತುಂಬಿಸಿ ಕಟ್ಟಿದೆ."

ಅಮಾವಾಸ್ಯೆ, ಹುಣ್ಣಿಮೆಗೆ ದೊಡ್ಡ ಉಬ್ಬರ. ಅಡಿಯಲ್ಲಿ ಏರುವ ನೀರು ಮಣ್ಣಿನೊಳಗಿನ ಗಾಳಿಯನ್ನು ಮೇಲೆ ನೂಕುತ್ತದೆ, ಗಟ್ಟಿ ಪಾಯವಿಲ್ಲದ ನೆಲ ಕೂದಲೆಳೆಯಷ್ಟು ಏಳುತ್ತದೆ, ಚೌಕಟ್ಟು ವಾಲಿ ಬಾಗಿಲು ತೆರೆಯುತ್ತದೆ. ಕೆಲ ದಿನಕ್ಕೆ ಉಬ್ಬರ ತಗ್ಗುತ್ತದೆ. ಕೋಳಿ ಕೊಡದಿದ್ದರೂ ತಣ್ಣಗಾಗುತ್ತಿತ್ತು, ಪಾಪ! ಆದರೆ ಪ್ರತಿ ಸಲವೂ ಇಳಿಯುವ ನೀರು ಒಂದಿಷ್ಟು ಮಣ್ಣನ್ನು ಒಯ್ಯುತ್ತಿತ್ತು, ಮನೆಗಳು ಹೆಚ್ಚು ವರ್ಷ ನಿಲ್ಲುವಂತಿರಲಿಲ್ಲ.

ಇಷ್ಟನ್ನು ಬಿಡಿಸಿ ಹೇಳಿದೆ. ಸುಮಿತ್ರಾಬಾಯಿ ಮೆಟ್ಟಿಲ ಮೇಲೆ ಕುಸಿದು ಕೂತರು. "ದೆವ್ವ ಆಗಿದ್ರೆ ಹೇಗೋ ಸುಧಾರಿಸ್ತಿದ್ದೆ. ಸಮುದ್ರಕ್ಕೆ ಎಂತ ಕೊಡೂದು? ನಾ ಹೋದ್ಮೇಲೆ ಕಮಲಾ ಇದನ್ನೇ ನಂಬಿ ಮಲಗಿರ್ತಿದ್ಲಲ್ಲ."

ನಾವು ಹೊರಡುವಾಗ ದಾಮೋದರ ಒಂದೊಂದೇ ಬಾಗಿಲು ಎಳೆದು ಹಾಕುತ್ತಿದ್ದ. ಅವನು ಮುಂದೆ ಹೋದ ಹಾಗೆ ಅವು ಹಿಂದಿನಿಂದ ತೆರೆದುಕೊಳ್ಳುತ್ತಿದ್ದವು.

ನನ್ನ ವರದಿ ನೋಡಿ ಬ್ಯಾಂಕು ಸಾಲ ಕೊಡಲಿಲ್ಲ. ಆಮೇಲೆ ಸುಮಿತ್ರಾಬಾಯಿ ಅಂಕೋಲೆಯ ಬಾಳೆಗುಳಿಯಲ್ಲಿ ಎರಡೇ ಸಣ್ಣ ಮನೆ ಕೊಂಡರು. ಬಾಡಿಗೆ ಕಡಿಮೆ, ಆದರೆ ಬಂದವರು ಬಿಟ್ಟು ಹೋಗುತ್ತಿಲ್ಲ. ಬಾಡಿಗೆ ಮನೆಯಿಂದ ಬಾಳುವೆ ನಡೆಸಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟೇ: ಈಗ ಇರುವ ಬಾಡಿಗೆದಾರ ಎಷ್ಟು ಕೊಡುತ್ತಾನೆಂದು ಕೇಳುವ ಮೊದಲು, ಹಿಂದಿನವನು ಯಾಕೆ ಹೋದನೆಂದು ಕೇಳಿ. ಅಂದಿನಿಂದ ಯಾರು ಎಷ್ಟೇ ಗೊಣಗಲಿ, ಹಳ್ಳದ ಬದಿಯ ಮನೆ ನೋಡಲು ನಾನು ಅಮಾವಾಸ್ಯೆಗೇ ಹೋಗುತ್ತೇನೆ.