ಹತ್ತು ಕಳೀರಿ

ಮದುವೆಗೆ ಮುಂಚೆ ಮೊದಲ ಸಲ ನಮ್ಮ ತಂದೆಯ ಮನೆಗೆ ಬಂದಾಗ ನಮ್ಮನೆಯವರು ನನ್ನ ಮುಖ ನೋಡಲಿಲ್ಲ, ಗೋಡೆ ನೋಡಿದರು. ಮೂಲೆಯಲ್ಲಿ ಒಂದು ಕಡೆ ಬಣ್ಣ ಉಬ್ಬಿತ್ತು. ಎದ್ದು ಹೋಗಿ ಬೆರಳಿನಿಂದ ಒತ್ತಿ, ಮೂಸಿ ನೋಡಿ, "ಇದು ಮೇಲಿಂದ ಸೋರ್ತಿರೋದಲ್ಲ, ನೆಲದಿಂದ ಏರ್ತಿರೋದು" ಅಂದರು. ಅವರು ಹೋದ ಮೇಲೆ ನಮ್ಮಪ್ಪ, "ಹುಡುಗ ಒಳ್ಳೆಯವನೇ ಕಣಮ್ಮ, ಆದ್ರೆ ನಿನ್ನ ನೋಡಿದ್ನೋ ಇಲ್ವೋ ಗೊತ್ತಾಗ್ಲಿಲ್ಲ" ಅಂದರು. ಇಪ್ಪತ್ತೊಂಬತ್ತು ವರ್ಷವಾಯಿತು, ನನಗೂ ಇನ್ನೂ ಸರಿಯಾಗಿ ಗೊತ್ತಾಗಿಲ್ಲ.

ನಗರಸಭೆಯಲ್ಲಿ ಅವರದು ಮನೆ ತಪಾಸಣೆಯ ಕೆಲಸ. ಬಾಡಿಗೆಗೆ ಕೊಡುವ ಮನೆ ಮನುಷ್ಯರು ಬದುಕುವಂತಿದೆಯೇ ಎಂದು ನೋಡಿ ಬರೆಯಬೇಕು. ಮಲಗುವ ಕೋಣೆ ಎಂಟು ಅಡಿಗಿಂತ ತಗ್ಗಿರಬಾರದು. ಕಿಟಕಿ ನೆಲದ ಹತ್ತರಲ್ಲೊಂದು ಪಾಲಾದರೂ ಇರಬೇಕು. ಅದನ್ನು ತೆರೆದರೆ ಗಾಳಿ ಬರಬೇಕು, ಪಕ್ಕದ ಮನೆಯ ಗೋಡೆಯಲ್ಲ. ಆರು ಜನಕ್ಕೆ ಒಂದು ಕಕ್ಕಸು. ಗೋಡೆ ಒದ್ದೆಯಿರಕೂಡದು. ಇದನ್ನೆಲ್ಲ ನಾನು ಓದಿ ಕಲಿತದ್ದಲ್ಲ. ಊಟಕ್ಕೆ ಕೂತಾಗ, ಬಟ್ಟೆ ಮಡಿಸುವಾಗ, ಜ್ವರ ಬಂದು ಮಲಗಿದಾಗ ಕೂಡ ಅವರ ಬಾಯಲ್ಲಿ ಇದೇ. ನೆಂಟರ ಮನೆಗೆ ಕರೆದುಕೊಂಡು ಹೋದರೆ ಮಾನ ತೆಗೆಯುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಕತ್ತೆತ್ತಿ ಸೂರು ನೋಡುತ್ತಾರೆ. "ರೀ, ಕಾಫಿ ಕೊಟ್ಟಿದಾರೆ, ಅದನ್ನ ನೋಡಿ" ಅಂತ ನಾನು ಮೊಣಕೈಯಲ್ಲಿ ತಿವಿಯಬೇಕು.

ಊರು ಅವರನ್ನು ಎದುರಿಗೆ ಅಳತೆ ಸಾಹೇಬ್ರು ಎನ್ನುತ್ತದೆ, ಬೆನ್ನ ಹಿಂದೆ ಟೇಪು. ಇಷ್ಟೂ ವರ್ಷ ಮೆಟ್ಟಿಲು ಹತ್ತಿ ಇಳಿದು ಮಂಡಿ ಸವೆದುಹೋಗಿದೆ. ಮಂಡಿಯದು ಹಾಳಾಗಿ ಹೋಗಲಿ, ಅವರನ್ನು ಹಿಂಡಿ ಹಿಪ್ಪೆ ಮಾಡಿದ್ದು ಬೇರೆಯದೇ. ಯಾರಿಗೋಸ್ಕರ ಹೋಗುತ್ತಾರೋ ಅವರೇ ಮುಖಕ್ಕೆ ಹೊಡೆದಂತೆ ಬಾಗಿಲು ಹಾಕುತ್ತಾರೆ. ಮನೆ ಅಳತೆಗೆ ಬರಲಿಲ್ಲ ಅಂದರೆ ಓನರಿಗೆ ನೋಟೀಸು, ಓನರು ರಿಪೇರಿ ಮಾಡಲಿಲ್ಲ ಅಂದರೆ ಕೋಣೆಗೆ ಬೀಗ, ಬೀಗ ಬಿದ್ದರೆ ಬಾಡಿಗೆಯವರು ಬೀದಿಗೆ. ರಿಪೇರಿಗಿಂತ ಬೀಗ ಸುಲಭ. ಒಳ್ಳೆಯದು ಮಾಡಲು ಹೋದ ಮನುಷ್ಯ ಸಂಜೆ ಶಾಪ ಹೊತ್ತುಕೊಂಡು ಬರುತ್ತಿದ್ದರು. ಚಪ್ಪಲಿ ಬಿಟ್ಟು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಹತ್ತು ನಿಮಿಷ ಮಾತೇ ಇಲ್ಲ.

ಇನ್ನು ಆ ದರಿದ್ರ ಟೇಪಿನ ಕಥೆ. ಆರು ವರ್ಷದ ಹಿಂದೆ ಯಾವುದೋ ಕಬ್ಬಿಣದ ಗೇಟಿಗೆ ಸಿಕ್ಕಿ ಅದರ ಮೂತಿ ಮುರಿಯಿತು, ಮೊದಲ ಎಂಟು ಇಂಚು ಕಿತ್ತುಹೋಯಿತು. ಹೊಸದಕ್ಕೆ ಅರ್ಜಿ ಬರೆದರು. ಬರೆದರು, ಬರೆದರು, ಏಳು ಸಲ ಬರೆದರು. ಆಫೀಸಿನಲ್ಲಿ ಕುರ್ಚಿಗೆ ಹೊಸ ಕವರು ಬಂತು, ಟೇಪು ಬರಲಿಲ್ಲ. ಸ್ವಂತದ್ದು ಕೊಳ್ಳೋಣ ಅಂದರೆ ಆಫೀಸಿನ ಮುದ್ರೆಯಿಲ್ಲದ ಟೇಪಿನ ಅಳತೆ ಲೆಕ್ಕಕ್ಕಿಲ್ಲವಂತೆ. ಮೂತಿಯಿಲ್ಲದ ಟೇಪಿನ ಅಳತೆ ಲೆಕ್ಕಕ್ಕಿದೆ! ಹಾಗಾಗಿ ಹತ್ತನೇ ಇಂಚಿನ ಗೆರೆಯನ್ನು ನೆಲಕ್ಕೆ ಹಿಡಿಯುವುದು, ಮೇಲೆ ಬಂದ ಅಂಕಿಯಿಂದ ಹತ್ತು ಕಳೆಯುವುದು, ಹೀಗೆ ಅಭ್ಯಾಸವಾಯಿತು.

ಅದಾಗಿ ಎರಡು ವರ್ಷಕ್ಕೆ ಟೇಪಿನ ಇನ್ನೊಂದು ತುದಿ ಹಿಡಿಯುವ ಸಹಾಯಕನ ಕೆಲಸವನ್ನೇ ಆಫೀಸು ತೆಗೆದುಹಾಕಿತು. ಮನೆಯಲ್ಲಿ ಕೆಲಸ ಕಡಿಮೆಯಿದ್ದ ದಿನ ಆ ತುದಿ ನನ್ನ ಕೈಗೆ ಬಂತು. ನಾನು ಕುಕ್ಕರಗಾಲಲ್ಲಿ ಕೂತು ಹತ್ತರ ಗೆರೆ ನೆಲಕ್ಕೆ ಒತ್ತಿ ಹಿಡಿಯುವುದು, ಅವರು ಮೇಲೆ ಓದುವುದು. ಅವರು ಅಂಕಿ ಹೇಳಿದ ತಕ್ಷಣ ನಾನು "ಹತ್ತು ಕಳೀರಿ" ಅನ್ನಬೇಕು. ಸುಸ್ತಾದ ಮನುಷ್ಯ, ಮರೆತುಬಿಟ್ಟರೆ? ನಾಲ್ಕು ವರ್ಷದಲ್ಲಿ ಒಂದು ಸಲವೂ ನಾನು ತಪ್ಪಿಸಿರಲಿಲ್ಲ.

ತಪ್ಪಿಸಿದ್ದು ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಕಟ್ಟಡದಲ್ಲಿ.

ಅದರ ಹಿಂದಿನ ವಾರ ಇವರ ನೋಟೀಸಿನಿಂದ ಬೇರೊಂದು ಬೀದಿಯಲ್ಲಿ ಒಂದು ಸಂಸಾರ ಹೊರಗೆ ಬಿದ್ದಿತ್ತು. ಹಾಸಿಗೆ, ಪಾತ್ರೆ, ಒಂದು ಕನ್ನಡಿ ಎಲ್ಲ ರಸ್ತೆಯಲ್ಲಿ. ಆ ದಾರಿಯಲ್ಲಿ ಹೋಗುತ್ತಿದ್ದ ನನ್ನನ್ನು ನೋಡಿ ಆ ಮನೆಯ ಹೆಂಗಸು, "ನಿಮ್ಮ ಟೇಪಿಗೆ ಬೆಂಕಿ ಬೀಳ" ಅಂದಳು. ಮನೆಗೆ ಬಂದು ಎರಡು ದಿನ ಅನ್ನ ಇಳಿಯಲಿಲ್ಲ.

ಪ್ರೆಸ್ಸಿನ ಹಿಂದಿನ ಕಟ್ಟಡದ ಬಗ್ಗೆ ಹೆಸರಿಲ್ಲದ ದೂರೊಂದು ಬಂದಿತ್ತು. ಯಾರೋ ಹೊಟ್ಟೆಕಿಚ್ಚಿನವರು ಬರೆದಿರಬೇಕು ಎಂದುಕೊಂಡೆ. ಮೊದಲು ಮೇಲಿನ ಕೋಣೆ ಅಳೆದೆವು. ಖಾಲಿಯಿತ್ತು, ಎರಡು ಕಿಟಕಿ, ಒಳ್ಳೆಯ ಬೆಳಕು. ಅವರು "ನೂರಿಪ್ಪತ್ತು" ಅಂದರು, ನಾನು "ಹತ್ತು ಕಳೀರಿ" ಅಂದೆ. ನನ್ನ ಗಂಟಲು ಗೊತ್ತಲ್ಲ, ಇಡೀ ಕಟ್ಟಡಕ್ಕೆ ಕೇಳಿಸಿರಬೇಕು. ಆಮೇಲೆ ನಾಲ್ಕು ಮೆಟ್ಟಿಲು ಇಳಿದು ಅರ್ಧ ನೆಲದೊಳಗಿದ್ದ ಕೋಣೆಗೆ ಹೋದೆವು. ಅಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಮಗಳೊಂದಿಗಿದ್ದಳು. ಹೊಲಿಗೆ ಮಿಷನ್ನು ಕೋಣೆಯ ಒಂದೇ ಬಲ್ಬಿನ ಕೆಳಗೆ. ಕಿಟಕಿಯಲ್ಲಿ ದಾರಿಹೋಕರ ಪಾದಗಳು. ಗೋಡೆ ಸೊಂಟದೆತ್ತರಕ್ಕೆ ಕಪ್ಪಗೆ. ಏಳೆಂಟು ವರ್ಷದ ಮಗಳು ಹಾಸಿಗೆಯ ಮೇಲೆ ಗೋಡೆಗೆ ತಾಗದಂತೆ ಕೂತು ಕೆಮ್ಮುತ್ತಿದ್ದಳು. ಓನರು ಬಾಗಿಲಿಗೆ ಅಡ್ಡ ನಿಂತು ಹಲ್ಲಿನಲ್ಲಿ ಕಡ್ಡಿ ಆಡಿಸುತ್ತಿದ್ದ.

ನಾನು ಗೆರೆ ನೆಲಕ್ಕೊತ್ತಿದೆ. ಇವರು ಓದಿದರು, "ತೊಂಬತ್ತೆಂಟು."

ಹತ್ತು ಕಳೆದರೆ ಎಂಬತ್ತೆಂಟು. ಎಂಟು ಅಡಿಗೆ ತೊಂಬತ್ತಾರು ಬೇಕು. ನಾನು ತಲೆಯೆತ್ತಿದೆ. ಹೊಲಿಗೆಯಾಕೆ ನನ್ನನ್ನೇ ನೋಡುತ್ತಿದ್ದಳು. ದೇವರೇ, ಆ ಕಣ್ಣು! ಬೇಡ ಅಮ್ಮ, ನಮ್ಮನ್ನು ಬೀದಿಗೆ ಹಾಕಬೇಡ ಎಂದು ಬೇಡುತ್ತಿವೆ ಅನ್ನಿಸಿತು. ರಸ್ತೆಯಲ್ಲಿ ಬಿದ್ದಿದ್ದ ಆ ಕನ್ನಡಿ ನೆನಪಾಯಿತು. ಬಾಯಿ ಮುಚ್ಚಿಕೊಂಡೆ. ಇವರು ಒಂದು ಕ್ಷಣ ಪೆನ್ನು ಹಿಡಿದು ನಿಂತರು, ಆಮೇಲೆ ತೊಂಬತ್ತೆಂಟು ಎಂದೇ ಬರೆದರು. ಎತ್ತರ ಸರಿಯಿದ್ದರೆ ಒದ್ದೆ ಗೋಡೆಗೆ ಬರೀ ಎಚ್ಚರಿಕೆ, ಹಾಗಾಗಿ ಕೋಣೆ ಪಾಸಾಯಿತು. ಆ ದಿನ ನಾನು ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ಒಂದು ಸಂಸಾರ ಉಳಿಸಿದೆ ಎಂದು ಜಂಬ ಬೇರೆ.

ಮೂರು ತಿಂಗಳು ಕಳೆಯಿತು. ಇವರ ನಿವೃತ್ತಿಗೆ ಹನ್ನೆರಡು ದಿನ ಉಳಿದಿತ್ತು. ಬೀಳ್ಕೊಡುಗೆಗೆ ಆಫೀಸಿನವರು ಹೊಗಳಿಕೆ ಪತ್ರ ಬರೆದಿಟ್ಟಿದ್ದರು. ಮೂವತ್ತು ವರ್ಷದ ಸೇವೆಯಲ್ಲಿ ಒಂದೂ ತಪ್ಪು ಅಳತೆಯಿಲ್ಲ ಎಂಬ ಸಾಲು ಅದರಲ್ಲಿತ್ತು. ಇವರು ಅದನ್ನು ನನಗೆ ಎರಡು ಸಲ ಹೇಳಿದ್ದರು. ಇವರು ಯಾವುದನ್ನೂ ಎರಡು ಸಲ ಹೇಳುವವರಲ್ಲ.

ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆರೆದರೆ ಹೊಲಿಗೆಯಾಕೆ, ಪಕ್ಕದಲ್ಲಿ ಮಗಳು. ಮಗು ಅರ್ಧಕ್ಕರ್ಧ ಇಳಿದುಹೋಗಿತ್ತು. ಕಾಲಿಟ್ಟಾಗಿನಿಂದ ಕೆಮ್ಮು.

"ಕೂತ್ಕೊಳ್ಳಮ್ಮ, ನೀರು ಕೊಡ್ತೀನಿ" ಅಂದೆ.

"ಕೂರೋಕೆ ಬಂದಿಲ್ಲ ಅಮ್ಮ. ಒಂದು ಮಾತು ಕೇಳೋಕೆ ಬಂದೆ" ಅಂದಳು. "ಮೇಲಿನ ರೂಮಲ್ಲಿ ಹತ್ತು ಕಳೀರಿ ಅಂದ್ರಲ್ಲ, ನಮ್ಮ ರೂಮಲ್ಲಿ ಯಾಕೆ ಅನ್ಲಿಲ್ಲ?"

ಅವಳು ಬ್ಲೌಸು ಅಳೆಯುವ ತನ್ನ ಬಟ್ಟೆ ಟೇಪನ್ನು ಚೀಲದಿಂದ ತೆಗೆದಳು.

"ನಾನು ದಿನಾ ಅಳತೆ ತಗೊಳ್ಳೋಳು. ನೀವು ಹೋದ ಮೇಲೆ ಎರಡು ಸಲ ಅಳೆದೆ. ಅರವತ್ತು, ಅದರ ಮೇಲೆ ಇಪ್ಪತ್ತೆಂಟು. ಎಂಬತ್ತೆಂಟೇ. ಓನರ್ ಹತ್ರ ಹೋದ್ರೆ ನಿಮ್ಮ ಕಾಗದ ತೋರಿಸ್ತಾನೆ. ರೂಮು ಸರಿಯಿದೆ ಅಂತ ಸರ್ಕಾರನೇ ಬರೆದಿದೆ, ನಿನ್ನ ಮಗಳ ಕೆಮ್ಮಿಗೆ ನಾನೇನು ಮಾಡ್ಲಿ ಅಂತಾನೆ."

"ನಿಮ್ಮನ್ನ ಹೊರಗೆ ಹಾಕ್ತಾರೆ ಅಂತ..." ಅಂದೆ.

"ಯಾರು ಹೇಳಿದ್ದು? ಆ ದೂರು ಬರೆದಿದ್ದೇ ನಾನು! ರೂಮು ಅಳತೆಗೆ ಬರದಿದ್ರೆ, ಅದೇ ಕಟ್ಟಡದಲ್ಲಿ ಖಾಲಿಯಿರೋ ಬೇರೆ ರೂಮನ್ನ ಹದಿನೈದು ದಿನದಲ್ಲಿ ಅದೇ ಬಾಡಿಗೆಗೆ ಕೊಡಬೇಕು ಅಂತ ನಗರಸಭೆ ಬೋರ್ಡಲ್ಲಿ ಓದಿದ್ದೆ. ಮೇಲಿನ ರೂಮು ಖಾಲಿ ಬಿದ್ದಿತ್ತು, ಈಗ್ಲೂ ಬಿದ್ದಿದೆ. ಓನರ್ ಬಾಗಿಲಲ್ಲೇ ನಿಂತಿದ್ದ, ಬಾಯಿ ಬಿಡೋ ಹಾಗಿರ್ಲಿಲ್ಲ. ಹೇಳಿ ಅಮ್ಮ, ಹೇಳಿ ಅಂತ ನಿಮ್ಮನ್ನೇ ನೋಡ್ತಾ ನಿಂತಿದ್ದೆ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೇಳಿ ಎಂದ ಕಣ್ಣನ್ನು ಬೇಡ ಎಂದು ಓದಿಕೊಂಡಿದ್ದೆ ನಾನು, ಮಹಾ ದಯಾಮಯಿ! ಒಂದು ಮಾತು ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಮಗು ಇವರ ಸ್ಟೂಲಿನ ಮೇಲೆ ಕೂತು ಬಾಯಿಗೆ ಬಟ್ಟೆ ಹಿಡಿದು ಕೆಮ್ಮುತ್ತಿತ್ತು. ಮಳೆಗಾಲ ಬರುವುದರೊಳಗೆ ಆ ರೂಮಿನಿಂದ ಹೊರಗೆ ತನ್ನಿ, ಇಲ್ಲದಿದ್ದರೆ ಎದೆ ಪೂರ್ತಿ ಕೆಡುತ್ತದೆ ಎಂದು ಡಾಕ್ಟರು ಹೇಳಿದ್ದಾರಂತೆ.

ಇವರು ಆಫೀಸಿನಿಂದ ಬಂದು ಸ್ಟೂಲಿನ ಮೇಲೆ ಕೂತರು. ಹತ್ತು ನಿಮಿಷ ಕಾಯುವ ತಾಳ್ಮೆ ನನಗಿರಲಿಲ್ಲ. ಎಲ್ಲ ಹೇಳಿಬಿಟ್ಟೆ. ಬೇಕೆಂದೇ ಬಾಯಿ ಮುಚ್ಚಿದ್ದೆ ಎಂದೂ ಹೇಳಿದೆ. ಬಯ್ಯಲಿ, ಹೊರಗೆ ಹೋಗು ಅನ್ನಲಿ ಎಂದು ನಿಂತೆ.

ಅವರು ಚಪ್ಪಲಿಯ ಕಡೆ ನೋಡುತ್ತಾ, "ನಂಗೆ ಗೊತ್ತಿತ್ತು" ಅಂದರು.

"ಏನ್ರೀ ಗೊತ್ತಿತ್ತು?"

"ಟೇಪು ಮೇಲೆ ಹಿಡಿದಾಗ ನನ್ನ ಬೆರಳು ಸೂರಿಗೆ ತಾಗ್ತು ಕಣೇ. ಎಂಟಡಿ ಸೂರು ನನ್ನ ಕೈಗೆ ಎಟುಕುತ್ತಾ? ನೀನು ಹೇಳ್ತೀಯ ಅಂತ ಕಾದೆ. ನೀನು ಹೇಳ್ಲಿಲ್ಲ. ಸರಿ, ಇವಳಿಗೂ ಬೇಡ ಅನ್ನಿಸ್ತು, ನಂಗೂ ಸಾಕಾಗಿತ್ತು, ಬರೆದುಬಿಟ್ಟೆ."

"ಆ ಮೇಲಿನ ರೂಮಿನ ನಿಯಮ?"

"ಇದೆ. ಬಂದು ಮೂರು ವರ್ಷ ಆಯ್ತು. ಒಬ್ಬ ಓನರೂ ಕೊಟ್ಟಿದ್ದು ನೋಡಿಲ್ಲ. ಇನ್ನೊಂದು ನೋಟೀಸು, ಇನ್ನೊಂದು ಬೀಗ, ಇನ್ನೊಂದು ಹೆಂಗಸಿನ ಬಾಯಲ್ಲಿ ಶಾಪ. ನಂಗೆ ಸುಸ್ತಾಗಿತ್ತು ಕಣೇ. ಬೇರೇನೂ ಇಲ್ಲ."

ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಳು ಬಂತು. ನಾವಿಬ್ಬರೂ ಒಂದೇ ಟೇಪಿನ ಎರಡು ತುದಿ ಹಿಡಿದುಕೊಂಡು ಒಬ್ಬರಿಗೊಬ್ಬರು ಕಾಯುತ್ತಾ ಒಂದು ಮಗುವನ್ನು ಒದ್ದೆ ಗೋಡೆಗೆ ಬಿಟ್ಟು ಬಂದಿದ್ದೆವು.

ಮಾರನೆಯ ಬೆಳಿಗ್ಗೆ ಮತ್ತೆ ಹೋದೆವು. ಓನರು, "ಏನ್ ಸಾಹೇಬ್ರೇ, ಪಾಸಾದ ರೂಮಿಗೆ ಮತ್ತೆ ಪರೀಕ್ಷೆನಾ?" ಎಂದು ನಕ್ಕ. ಇವರು ಟೇಪು ಬಿಚ್ಚಿದರು. ನಾನು ಕೂತೆ, ನೆಲದ ತಣ್ಣಗಿನ ನೀರು ಸೀರೆಗೆ ಹತ್ತಿತು. ಗೆರೆ ಒತ್ತಿ ಹಿಡಿದೆ.

"ತೊಂಬತ್ತೆಂಟು."

"ಹತ್ತು ಕಳೀರಿ" ಅಂದೆ. ಪ್ರೆಸ್ಸಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ, ಆ ಸದ್ದಿನ ಮೇಲೂ ಕೇಳುವಂತೆ ಕೂಗಿದೆ. "ಹತ್ತು ಕಳೀರಿ!"

ಹೊಲಿಗೆಯಾಕೆ ಮಿಷನ್ನಿನ ಹಿಂದೆ ತಲೆ ತಗ್ಗಿಸಿದಳು. ಇವರು ನಿಂತಲ್ಲೇ ಬರೆದರು: ಎಂಬತ್ತೆಂಟು ಇಂಚು, ವಾಸಕ್ಕೆ ಯೋಗ್ಯವಲ್ಲ, ಹಿಂದಿನ ಅಳತೆ ತಪ್ಪು, ತಪ್ಪು ನನ್ನದು. ಕೆಳಗೆ ಸಹಿ. ನನ್ನ ಹೆಸರು ಬರೆಯಿರಿ ಎಂದು ದಾರಿಯಲ್ಲೆಲ್ಲ ಬಡಿದುಕೊಂಡಿದ್ದೆ. "ಟೇಪು ಆಫೀಸಿಂದು, ನೀನು ಆಫೀಸಿನೋಳಲ್ಲ" ಎಂದು ಬಾಯಿ ಮುಚ್ಚಿಸಿದ್ದರು.

ಓನರು ನೋಟೀಸು ಓದಿ, "ಹದಿನೈದು ದಿನ ಟೈಮಿದೆ. ನೀವು ಇರೋದು ಹನ್ನೊಂದು ದಿನ. ನೋಡೋಣ" ಅಂದ. ಆ ಲೆಕ್ಕ ಮಾತ್ರ ಅವನಿಗೆ ಸರಿಯಾಗಿ ಗೊತ್ತಿತ್ತು.

ಬೀಳ್ಕೊಡುಗೆಯ ದಿನ ಪತ್ರ ಓದಿದರು. ಆ ಸಾಲಿರಲಿಲ್ಲ. ಅದು ಇರಬೇಕಾದ ಜಾಗದಲ್ಲಿ "ಸಮಯಪಾಲನೆ" ಎಂದೇನೋ ತುರುಕಿದ್ದರು. ಇವರು ಎದ್ದು ಕೈ ಮುಗಿದರು, ಟೇಪು ಮೇಜಿನ ಮೇಲಿಟ್ಟು ಬಂದರು. ಮನೆಗೆ ಬಂದು ಒಂದು ಗಂಟೆ ಸ್ಟೂಲಿನಿಂದ ಏಳಲಿಲ್ಲ.

ಆದರೆ ಆ "ತಪ್ಪು ನನ್ನದು" ಅನ್ನುವುದು ಆಫೀಸಿನಲ್ಲಿ ಬೆಂಕಿಯ ಹಾಗೆ ಕೂತುಬಿಟ್ಟಿತ್ತು. ಅಂಥ ಮಾತು ಅಲ್ಲಿ ಯಾರೂ ಯಾವ ಕಡತದಲ್ಲೂ ಬರೆದವರಲ್ಲ. ನಾಳೆ ಮಗುವಿಗೆ ಏನಾದರೂ ಆದರೆ ಇದು ತಮ್ಮ ಬುಡಕ್ಕೆ ಬರುತ್ತದೆ ಎಂದು ದೊಡ್ಡ ಸಾಹೇಬರು ಹೆದರಿ, ತಾವೇ ಓನರಿನ ಮನೆಗೆ ಹೋಗಿ ಕೂತರಂತೆ. ನ್ಯಾಯಕ್ಕೋ ಭಯಕ್ಕೋ, ನನಗೆ ಬೇಕಿರಲಿಲ್ಲ. ಹದಿನೈದನೇ ದಿನ ಮೇಲಿನ ಕೋಣೆಯ ಬೀಗದ ಕೈ ಹೊಲಿಗೆಯಾಕೆಯ ಕೈಗೆ ಬಂತು.

ನಾವಿಬ್ಬರೂ ಹೋದೆವು. ಕೆಳಗಿನ ಕೋಣೆಗೆ ಓನರು ಆಗಲೇ ಹೊಸ ಬಣ್ಣ ಹೊಡೆಸುತ್ತಿದ್ದ. ಇವರು ಅದನ್ನು ನೋಡಿ ನಿಟ್ಟುಸಿರು ಬಿಟ್ಟು ಮುಂದೆ ನಡೆದರು. ಮಿಷನ್ನಿನ ಒಂದು ಕಡೆ ನಾನು ಹಿಡಿದೆ, ಇನ್ನೊಂದು ಕಡೆ ಹೊಲಿಗೆಯಾಕೆ. ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ಹೇಳಲಿಲ್ಲ. "ಜೋಪಾನ ಅಮ್ಮ, ಮೆಟ್ಟಿಲಿನ ಅಂಚು ಚೂಪಿದೆ" ಎಂದಷ್ಟೇ ಅಂದಳು.

ಮೇಲೆ ಬಿಸಿಲಿತ್ತು. ಮಗು ಗೋಡೆ ಮುಟ್ಟಿ ನೋಡಿ, ಅಂಗೈ ನೋಡಿಕೊಂಡು, ಮತ್ತೆ ಮುಟ್ಟಿತು. ಇವರು ಕೋಣೆಯ ನಡುವೆ ನಿಂತು ಅಭ್ಯಾಸಬಲದಿಂದ ಸೊಂಟಕ್ಕೆ ಕೈ ಹಾಕಿದರು. ಅಲ್ಲಿ ಟೇಪಿರಲಿಲ್ಲ. ಆಮೇಲೆ ಆ ಸವೆದ ಮಂಡಿಯಲ್ಲೇ ತುದಿಗಾಲಲ್ಲಿ ನಿಂತು ಬಲಗೈ ಮೇಲಕ್ಕೆತ್ತಿದರು, ಇನ್ನೂ ಎತ್ತಿದರು. ಕೈ ಸೂರಿಗೆ ಎಟುಕಲಿಲ್ಲ.