ಗೋದಾಮಿನೊಳಗಿನ ದನಿ

ಡೆತ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ನುಡಿಸುವ ನಮ್ಮ ಬ್ಯಾಂಡಿನಲ್ಲಿ ನನ್ನ ಗೆಳೆಯನೊಬ್ಬ ಹಾಡುಗಾರ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಅರಸೀಕೆರೆಯ ಒಂದು ಕೊಬ್ಬರಿ ಗೋದಾಮಿನಲ್ಲಿ ನಾವು ನಾಲ್ವರು ಸೇರಿ ಆ ಬ್ಯಾಂಡ್ ಕಟ್ಟಿದ್ದೆವು. ಕ್ಷಣಕ್ಕೊಮ್ಮೆ ಬದಲಾಗುವ ತಾಳವನ್ನು ಹಿಡಿಯಲು ತಿಂಗಳುಗಟ್ಟಲೆ ಒದ್ದಾಡಿದೆವು. ಅವನು ತೊಡೆಯ ಮೇಲೆ ಎರಡು ಬೆರಳು ತಟ್ಟುತ್ತಾ, ಕಣ್ಣು ಮುಚ್ಚಿ, ಹೊಟ್ಟೆಯ ಆಳದಿಂದ ಗುರುಗುಟ್ಟುತ್ತಿದ್ದ. ಮಾತಾಡುವಾಗ ಮಾತ್ರ ಮೆಲುದನಿ. ನಾವು ಬೆಚ್ಚಿದರೆ, "ಹೆದರ್ಬೇಡ್ರೋ, ಬರೀ ಗಂಟ್ಲು ಅಷ್ಟೇ" ಎನ್ನುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಯಾರೋ ಬಾಗಿಲನ್ನು ದಬದಬ ಬಡಿದರು. ತೆರೆದರೆ ಬೀದಿಯವರೆಲ್ಲ ನಿಂತಿದ್ದರು. ಕೆಲವರ ಕೈಯಲ್ಲಿ ಬೇವಿನ ಸೊಪ್ಪು, ಕೆಲವರ ಕೈಯಲ್ಲಿ ದೊಣ್ಣೆ.

"ಯಾವ್ದೋ ಗಾಳಿ ಮೆಟ್ಕಂಡೈತೆ. ಈಚ್ಗೆ ಎಳೀರ್ಲಾ ಅವನ್ನ!" ಎಂದು ಒಬ್ಬ ಕೂಗಿದ.

ನಾನು ಗಿಟಾರನ್ನು ಕೆಳಗಿಟ್ಟೆ. ಹಾಡುಗಾರನ ಮುಖ ಬಿಳಿಚಿಕೊಂಡಿತು.

ಅಷ್ಟರಲ್ಲಿ ಗುಂಪನ್ನು ಸರಿಸಿಕೊಂಡು ಅವನ ತಾಯಿ ಒಳಗೆ ಬಂದರು. ಮಗನ ಹತ್ತಿರ ಹೋಗಲು ಅವರಿಗೂ ಹೆದರಿಕೆ, ಸ್ವಲ್ಪ ದೂರದಲ್ಲೇ ನಿಂತರು. ಆಮೇಲೆ ಮುಂದೆ ಬಂದು ಅವನ ಗಂಟಲ ಮೇಲೆ ಕೈಯಿಟ್ಟರು.

"ಆ ಸದ್ದು ನಿಂದೇನಾ ಮಗಾ?"

"ನಂದೇ ಕಣವ್ವ."

"ಹಂಗಾರೆ ಮಾಡು, ನೋಡಾನ."

ಅವನು ಗುರುಗುಟ್ಟಿದ. ಬೆರಳ ಕೆಳಗೆ ಗಂಟಲು ಅದುರಿದಾಗ ಆಕೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು, ಕೈ ಮಾತ್ರ ತೆಗೆಯಲಿಲ್ಲ. ಸದ್ದು ನಿಂತ ಮೇಲೆ ಗುಂಪಿನ ಕಡೆ ತಿರುಗಿ, "ನನ್ ಮಗನೇ ಕಣ್ರಪ್ಪ. ಮನೆಗ್ ಹೋಗಿ" ಎಂದರು.

ಜನ ಒಬ್ಬೊಬ್ಬರಾಗಿ ಹೊರಟರು. ಆಕೆ ಹೋಗಲಿಲ್ಲ. ಮೂಟೆಯೊಂದರ ಮೇಲೆ ಕೂತು, ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡು, ನಮ್ಮ ಅಭ್ಯಾಸ ಮುಗಿಯುವವರೆಗೂ ನಡುಗುತ್ತಲೇ ಕಾದರು.